ಪ್ರಶ್ನೆ ಕೇಳುವ ಮಗಳಿಗೆ ಬುದ್ಧಿ ಹೇಳಬೇಕೇ?



ಪಾಸ್ಖ ಹಬ್ಬದ ಮರುವಾರ ಸಿರುಗುಪ್ಪದಲ್ಲಿ ಬಲಿಪೂಜೆ ಅರ್ಪಿಸಿ ಹೊರಗೆ ಬರುತ್ತಿದ್ದಾಗ ಒಂದು ಕುಟುಂಬ ನನ್ನನ್ನು ತಡೆದು ನಿಲ್ಲಿಸಿತು. ತಂದೆ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರು, ತಾಯಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರು. ಇಬ್ಬರ ನಡುವೆ ತಲೆ ತಗ್ಗಿಸಿ ನಿಂತಿದ್ದ ಮಗಳು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮೂರು ವರ್ಷಗಳಿಂದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿರುವ ತರುಣಿ.

"ಫಾದರ್, ನೀವಾದ್ರೂ ಆಕೀಗೆ ಸ್ವಲ್ಪ ಬುದ್ಧಿ ಹೇಳ್ರಿ" ಎಂದರು ತಾಯಿ.

ಆಕೆಯ ಅಪರಾಧವೇನು? ಕೈಯಲ್ಲಿರುವ ನೌಕರಿ ಬಿಟ್ಟು, ಬೆಂಗಳೂರಿಗೆ ಹೋಗಿ, ಎರಡು ವರ್ಷ ಎಂ.ಎ. ಓದಬೇಕೆಂದು ಆಕೆ ಹಟ ಹಿಡಿದಿದ್ದಾಳೆ. ತತ್ತ್ವಶಾಸ್ತ್ರ, ಮನಃಶಾಸ್ತ್ರ, ಸಮಾಜಶಾಸ್ತ್ರ, ಶಿಕ್ಷಣಶಾಸ್ತ್ರಗಳನ್ನು ಒಂದರೊಡನೊಂದು ಕೂಡಿಸಿ ಓದಿಸುವ, ಮನುಷ್ಯರು ಹೇಗೆ ಯೋಚಿಸುತ್ತಾರೆ, ಎಲ್ಲಿ ತಪ್ಪುತ್ತಾರೆ, ಹೊಸದೊಂದು ವಿಚಾರ ಹೇಗೆ ಹುಟ್ಟುತ್ತದೆ ಎಂಬುದನ್ನು ಕಲಿಸುವ ಓದು ತನಗೆ ಬೇಕು ಎನ್ನುತ್ತಾಳೆ. ಗಿರಣಿಯ ಲೆಕ್ಕದವರಿಗೆ ಇದು ತಾಳೆಯಾಗಲಿಲ್ಲ. "ಕೆಮಿಸ್ಟ್ರಿ ಎಂ.ಎಸ್ಸಿ. ಅಂದ್ರ ನನಗ ತಿಳೀತೈತಿ ಫಾದರ್. ಇದು ಯಾವುದರ ಎಂ.ಎ.? ವಿಚಾರ ಮಾಡೋದಕ್ಕೂ ಎಂ.ಎ. ಬೇಕೇನ್ರಿ?"

ಅಂದಿನ ಶುಭಸಂದೇಶ, ಗಾಯಗಳನ್ನು ಮುಟ್ಟಿ ನೋಡದ ಹೊರತು ನಂಬುವುದಿಲ್ಲವೆಂದ ತೋಮನದು. ಅರ್ಧ ಗಂಟೆಯ ಹಿಂದಷ್ಟೇ ಪೀಠದ ಬಳಿ ನಿಂತು ತೋಮನ ಪ್ರಾಮಾಣಿಕತೆಯನ್ನು ಕೊಂಡಾಡಿದ್ದ ನಾನು, ಅಂಗಳದಲ್ಲಿ ಆ ತಂದೆಗೆ ಉತ್ತರ ಕೊಡಲಾರದೆ ಒಂದು ವಾರ ಸಮಯ ಕೇಳಿದೆ. ವಾರ ಕಳೆದು ತಿಂಗಳೇ ಆಯಿತು. ಈಗ ಉತ್ತರವನ್ನು ಅವರೊಬ್ಬರಿಗೆ ಕೊಡದೆ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಏಕೆಂದರೆ ಇದೇ ಮಾತನ್ನು ಬಳ್ಳಾರಿಯ ಕೌಲ್ ಬಜಾರಿನಲ್ಲಿಯೂ ಕುರುಗೋಡಿನಲ್ಲಿಯೂ ಬೇರೆ ಬೇರೆ ಬಾಯಿಗಳಿಂದ ಕೇಳಿದ್ದೇನೆ. ಬುದ್ಧಿ ಹೇಳಬೇಕಾದದ್ದು ಮಗಳಿಗಲ್ಲ ಎಂಬುದೇ ನನ್ನ ವಾದ.

ಮೊದಲು ಆ ಓದು ಯಾವುದೆಂದು ತಿಳಿಯೋಣ. ವಿಮರ್ಶಾತ್ಮಕ ಹಾಗೂ ಸೃಜನಶೀಲ ಚಿಂತನೆ ಎಂಬ ಹೆಸರಿನಲ್ಲೇ ಒಂದು ಅಂತರಶಿಸ್ತೀಯ ಸ್ನಾತಕೋತ್ತರ ಪದವಿಯನ್ನು ಅಮೆರಿಕದ ಬೋಸ್ಟನ್ ನಗರದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಹಲವು ದಶಕ ನಡೆಸಿತು. ಅಲ್ಲಿ ಕಲಿತವರಲ್ಲಿ ಬಹಳಷ್ಟು ಮಂದಿ ಶಿಕ್ಷಕರು, ಆರೋಗ್ಯ ಕ್ಷೇತ್ರದವರು, ಕಲಾವಿದರು. ಅಂದರೆ ಆಗಲೇ ಒಂದು ಕಸುಬಿನಲ್ಲಿದ್ದು ಅದನ್ನೇ ಹೊಸ ಕಣ್ಣಿನಿಂದ ನೋಡಬಯಸಿದವರು. ಆ ಹೆಸರಿನ ಪದವಿಯನ್ನು ನಾನು ಬಳ್ಳಾರಿಯಲ್ಲಿ ಕಂಡಿಲ್ಲ. ಆದರೆ ಆ ಮನೋಭಾವದ ಓದು ನಮ್ಮ ರಾಜ್ಯಕ್ಕೆ ಅಪರಿಚಿತವಲ್ಲ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಾಹಿತ್ಯ, ಶಾಸನ, ಪುರಾತತ್ತ್ವ, ಬುಡಕಟ್ಟು ಅಧ್ಯಯನ, ಸಂಗೀತಗಳನ್ನು ಒಂದೇ ಆವರಣದಲ್ಲಿ ಕೂಡಿಸಿತು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2011ರಿಂದ ಶಿಕ್ಷಣ ಮತ್ತು ಅಭಿವೃದ್ಧಿ ಎಂಬ ಎಂ.ಎ. ಪದವಿಗಳಲ್ಲಿ ಹಲವು ಶಾಸ್ತ್ರಗಳನ್ನು ಬೆಸೆದು ಕಲಿಸುತ್ತ ಬಂದಿದೆ. ರಾಜ್ಯ ಸರ್ಕಾರವೋ 2021ರಲ್ಲಿ ನಾಲ್ಕು ವರ್ಷದ ಪದವಿಯನ್ನೂ ಬೇರೆ ಶಾಖೆಯ ವಿಷಯ ಆಯ್ದುಕೊಳ್ಳುವ ಅವಕಾಶವನ್ನೂ ತಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಈ ಹೋಗಿಬರುವ ಆಟದಲ್ಲಿ ಮಕ್ಕಳು ಪಟ್ಟ ಪಾಡು ಬೇರೆಯೇ ಕಥೆ, ಇಲ್ಲಿ ಬೇಡ.

"ವಿಚಾರ ಮಾಡೋದಕ್ಕೂ ಎಂ.ಎ. ಬೇಕೇ?" ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರವನ್ನು ಹುಡುಕಲು ಬೋಸ್ಟನ್ನಿಗೆ ಹೋಗಬೇಕಿಲ್ಲ. ಬಳ್ಳಾರಿಯಿಂದ ಹೊಸಪೇಟೆಯ ರಸ್ತೆ ಹಿಡಿದು ಕುಡತಿನಿಯವರೆಗೆ ಹೋದರೆ ಸಾಕು. ಅಲ್ಲೊಂದು ಬೂದಿದಿಬ್ಬವಿದೆ. ಮಣ್ಣಲ್ಲ, ಕಲ್ಲಲ್ಲ, ಗಟ್ಟಿಯಾಗಿ ಕಿಟ್ಟಗಟ್ಟಿದ ಬೂದಿ. ಭೀಮನಿಂದ ಹತನಾದ ಹಿಡಿಂಬಾಸುರನನ್ನು ಸುಟ್ಟ ಬೂದಿ ಎಂದು ಜನರ ನಂಬಿಕೆ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ರಾಕ್ಷಸನನ್ನು ಬಿಟ್ಟರು. ಆದರೆ ಜ್ವಾಲಾಮುಖಿ, ಕುಲುಮೆ, ಸಾಮೂಹಿಕ ಚಿತೆ ಎಂದು ತಮ್ಮ ತಮ್ಮ ಊಹೆಗಳನ್ನು ತಂದಿಟ್ಟರು. ಪ್ರತಿಯೊಬ್ಬರೂ ತಾವು ಬಲ್ಲದ್ದನ್ನೇ ಆ ದಿಬ್ಬದಲ್ಲಿ ಕಂಡರು.

ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನೌಕರ. ಬಂಡೆಗಳನ್ನು ನೋಡಲು ಬಂದವರು ಸಂಗನಕಲ್ಲಿನ ಕಲ್ಲುಕೊಡಲಿಗಳನ್ನೂ ಈ ದಿಬ್ಬಗಳನ್ನೂ ಬಿಡದೆ ನೋಡಿದರು. ಇದು ದನದ ಸಗಣಿ ಸುಟ್ಟ ಬೂದಿ ಎಂದು ಅವರು ವಾದಿಸಿದರು. ಸಗಣಿಯೇ! ವಿದ್ವಾಂಸರ ಸಭೆಯಲ್ಲಿ ಇದು ಎಷ್ಟು ಮಂದಿಗೆ ರುಚಿಸಿತೋ ಊಹಿಸಿಕೊಳ್ಳಿ. ಮುಂದೆ 1957ರಲ್ಲಿ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬವೊಂದನ್ನು ಆಲ್ಚಿನ್ ಎಂಬ ಪುರಾತತ್ತ್ವಜ್ಞರು ಅಗೆದಾಗ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು. 1960ರಲ್ಲಿ ಜ಼್ಯೂನರ್ ಎಂಬ ವಿಜ್ಞಾನಿ ಬಳ್ಳಾರಿ ಜಿಲ್ಲೆಯ ದಿಬ್ಬಗಳ ಬೂದಿಯನ್ನು ಪರೀಕ್ಷಿಸಿ ಸಗಣಿಯ ವಾದವನ್ನು ಎತ್ತಿಹಿಡಿದರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ಈ ಬಯಲಿನಲ್ಲಿ ದನ ಕಾಯುತ್ತಿದ್ದ ಜನರ ದೊಡ್ಡಿಗಳು ಅವು. ಬಂಡೆ ಓದುವವನು, ಮಣ್ಣು ಪರೀಕ್ಷಿಸುವವನು, ನೆಲ ಅಗೆಯುವವನು, ಜೊತೆಗೆ ದೊಡ್ಡಿ ಎಂದರೇನೆಂದು ಬಲ್ಲ ದನಗಾಹಿ, ಇವರಲ್ಲಿ ಒಬ್ಬನನ್ನು ತೆಗೆದರೂ ದಿಬ್ಬ ರಾಕ್ಷಸನದಾಗಿಯೇ ಉಳಿಯುತ್ತಿತ್ತು. ಕೈಗೆ ಬಂದ ಉತ್ತರವನ್ನು ಒಪ್ಪದೆ ತಡೆದು ನೋಡುವುದು ವಿಮರ್ಶೆ. ಬೂದಿಯ ಗುಡ್ಡದಲ್ಲಿ ದನದ ದೊಡ್ಡಿಯನ್ನು ಕಾಣುವುದು ಸೃಜನಶೀಲತೆ. ಗಿರಣಿಯ ಅಣ್ಣನವರೇ, ನಿಮ್ಮ ಮಗಳು ಕಲಿಯಬಯಸುವುದು ಇದನ್ನು. ಇದು ಹುಟ್ಟಿನಿಂದ ಬರುವುದಿಲ್ಲ; ಅಭ್ಯಾಸದಿಂದ, ಗುರುವಿನಿಂದ, ಕೂಡಿ ಕಲಿಯುವವರಿಂದ ಬರುತ್ತದೆ.

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ. 'ಟೀಕೆ' ಎಂಬ ಪದಕ್ಕೆ ಹಿಂದೆ ವ್ಯಾಖ್ಯಾನ ಎಂಬ ಅರ್ಥವಿತ್ತು. ಕಠಿಣ ಗ್ರಂಥವನ್ನು ಬಿಡಿಸಿ ಹೇಳುವವನೇ ಟೀಕಾಕಾರ. ಇಂದು ಟೀಕೆಯೆಂದರೆ ಬೈಗುಳದ ತಮ್ಮ. ವಿಮರ್ಶೆಯ ಗತಿಯೂ ಅದೇ ಆಗಿದೆ. ಮಗಳು ವಿಮರ್ಶಾತ್ಮಕ ಚಿಂತನೆ ಕಲಿಯುತ್ತಾಳೆಂದರೆ ತಂದೆತಾಯಿಗಳಿಗೆ ಕೇಳಿಸುವುದು, ಇನ್ನು ಮನೆಯಲ್ಲಿ ಎದುರುತ್ತರ ಕೊಡುತ್ತಾಳೆ ಎಂದು.

ಕೊಡಲಿ, ಏನಾಯಿತು? ಎದುರುತ್ತರ ಇಲ್ಲದ ಮನೆ, ಎದುರುತ್ತರ ಇಲ್ಲದ ಊರು ಯಾವ ಬೆಲೆ ತೆರುತ್ತದೆಂಬುದನ್ನು ಬಳ್ಳಾರಿಯವರಿಗೆ ನಾನು ಹೇಳಬೇಕೇ? 2003ರ ನಂತರ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದ ವರ್ಷಗಳನ್ನು ನೆನೆಯಿರಿ. ನಾನಾಗ ಮೂವತ್ತರ ಹರೆಯದ ಗುರು. ವಿಶ್ವಾಸಿಗಳು ಹೊಸ ಲಾರಿ ಕೊಂಡು ಆಶೀರ್ವಾದಕ್ಕೆ ತಂದು ನಿಲ್ಲಿಸುತ್ತಿದ್ದರು. ಹೂಮಾಲೆ, ನಿಂಬೆಹಣ್ಣು, ಅದರ ಪಕ್ಕದಲ್ಲಿ ಜಪಸರ. ನಿಂಬೆಹಣ್ಣಿನ ಬಗ್ಗೆ ಮಾತ್ರ ಗದರಿಸಿ, ಪವಿತ್ರ ಜಲ ಚಿಮುಕಿಸಿ ಕಳುಹಿಸುತ್ತಿದ್ದೆ. ಸಾಲ ಎಷ್ಟು ಎಂದು ಕೇಳಲಿಲ್ಲ. ಯಾವ ಗುಡ್ಡದಿಂದ ಹೊರುತ್ತೀರಿ, ಪರವಾನಗಿ ಎಷ್ಟು ಟನ್ನಿಗಿದೆ, ಹೇರುವುದೆಷ್ಟು ಎಂದು ಕೇಳಲಿಲ್ಲ. ಕೆಂಪು ಧೂಳು ಹಾದಿಬದಿಯ ಜೋಳದ ಗರಿಯ ಮೇಲೂ ಮಕ್ಕಳ ಎದೆಯೊಳಗೂ ಕೂರುತ್ತಿದ್ದಾಗ ನಾನು ಪ್ರಬೋಧನೆಯಲ್ಲಿ ತಾಳ್ಮೆಯ ಕುರಿತು ಮಾತನಾಡಿದೆ.

ಆಗ ನಮ್ಮಲ್ಲಿ ಓದಿದವರಿರಲಿಲ್ಲವೇ? ಇಂಜಿನಿಯರುಗಳಿದ್ದರು, ವೈದ್ಯರಿದ್ದರು, ಲೆಕ್ಕಪರಿಶೋಧಕರಿದ್ದರು, ವಕೀಲರಿದ್ದರು. ಪ್ರತಿಯೊಬ್ಬರೂ ತಮ್ಮ ವಿಷಯದಲ್ಲಿ ನಿಪುಣರು, ಪಕ್ಕದ ವಿಷಯದಲ್ಲಿ ಮೌನಿಗಳು. ವೈದ್ಯರು ಕೆಮ್ಮಿಗೆ ಔಷಧ ಬರೆದರು. ಲೆಕ್ಕಿಗರು ಲೆಕ್ಕ ಬರೆದರು. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಲ್ಲ. ಕೊನೆಗೆ ಅದನ್ನು ಮಾಡಿದ್ದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಕಾಲದ ತನಿಖೆ. ಅರಣ್ಯಾಧಿಕಾರಿ ಯು. ವಿ. ಸಿಂಗ್ ಅವರ ತಂಡ ಗಣಿಯ ಪರವಾನಗಿ, ಸಾಗಣೆಯ ದಾಖಲೆ, ಬಂದರಿನ ರಫ್ತು, ಹಣದ ಹರಿವು ಇವೆಲ್ಲವನ್ನೂ ಒಂದರೊಡನೊಂದು ತಾಳೆ ನೋಡಿತು. 2011ರ ಜುಲೈ 27ರಂದು ಸಲ್ಲಿಕೆಯಾದ ವರದಿ ಸರ್ಕಾರದ ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಎರಡು ದಿನಗಳ ಬಳಿಕ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮರವನ್ನು ಕಾಯಬೇಕಾದ ಅಧಿಕಾರಿ ಬ್ಯಾಂಕಿನ ಲೆಕ್ಕವನ್ನೂ ಹಡಗಿನ ತೂಕವನ್ನೂ ಓದಲು ಕಲಿತದ್ದರಿಂದ ಇದು ಸಾಧ್ಯವಾಯಿತು. ನಾನು ಆಶೀರ್ವದಿಸಿದ ಲಾರಿಗಳು ಕಂತು ಕಟ್ಟಲಾಗದೆ ನಿಂತಲ್ಲೇ ತುಕ್ಕು ಹಿಡಿದವು. ಆ ಮನೆಗಳ ಹೆಣ್ಣುಮಕ್ಕಳ ಒಡವೆಗಳು ಎಲ್ಲಿ ಹೋದವೆಂದು ನನಗೆ ಗೊತ್ತು.

ಇನ್ನೂ ಹತ್ತಿರದ ನೋವು 2024ರ ನವೆಂಬರದ್ದು. ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಸಂಶಯ ನಿಂತದ್ದು ಅವರ ನರಗಳಿಗೆ ಏರಿಸಿದ ದ್ರಾವಣದ ಮೇಲೆ. ಆ ಬಾಟಲಿ ರೋಗಿಯ ತಲೆಯ ಬಳಿ ತೂಗುವ ಮೊದಲು ಟೆಂಡರು, ಪ್ರಯೋಗಾಲಯ, ಉಗ್ರಾಣ, ಕಾನೂನು ಎಂಬ ಎಷ್ಟು ಬಾಗಿಲುಗಳನ್ನು ದಾಟಿ ಬಂದಿರುತ್ತದೆ! ಒಂದೊಂದು ಬಾಗಿಲಲ್ಲೂ ಒಬ್ಬೊಬ್ಬ ಪದವೀಧರ. ತನ್ನ ಬಾಗಿಲಿನಾಚೆ ಏನಾಗುತ್ತಿದೆ ಎಂದು ಕೇಳುವುದು ನನ್ನ ಕೆಲಸವಲ್ಲ ಎಂದು ನಾವೇ ಅವರಿಗೆ ಕಲಿಸಿದ್ದೇವೆ. ಬಳಿಕ ನಾವು ಹೋಗಿ ಮೇಣದ ಬತ್ತಿ ಹಚ್ಚುತ್ತೇವೆ.

ಈಗ ನೌಕರಿಯ ಮಾತಿಗೆ ಬರೋಣ. ಈ ಎಂ.ಎ. ಮುಗಿಸಿದವರಿಗೆ ನೌಕರಿ ಕಾದಿರುತ್ತದೆಂದು ನಾನು ಸುಳ್ಳು ಹೇಳಲಾರೆ. ಆದರೆ ನೀವು ಹೇಳುವ 'ಗಟ್ಟಿ' ಪದವಿಗಳ ಗತಿಯನ್ನೂ ನೋಡಿ. ನಮ್ಮ ಧರ್ಮಕೇಂದ್ರಗಳಲ್ಲೇ ಬಿ.ಇ. ಮುಗಿಸಿ ಜೀನ್ಸ್ ಹೊಲಿಯುವ ಘಟಕದಲ್ಲಿ ಬಿಲ್ಲು ಬರೆಯುತ್ತಿರುವ ಹುಡುಗರನ್ನು ಬಲ್ಲೆ. ಜೀನ್ಸ್ ಬಳ್ಳಾರಿಯ ಹೆಮ್ಮೆ, ಬಿಲ್ಲು ಬರೆಯುವುದೂ ಅವಮಾನವಲ್ಲ. ಆದರೆ ಇಂಜಿನಿಯರಿಂಗ್ ಸುಭದ್ರ, ಉಳಿದದ್ದೆಲ್ಲ ಜೂಜು ಎಂಬ ಮಾತಿಗೆ ಆಧಾರವಾದರೂ ಎಲ್ಲಿದೆ? ನೆನಪಿನಲ್ಲಿಟ್ಟು ಒಪ್ಪಿಸುವ ಕೆಲಸವನ್ನು ಇಂದು ಯಂತ್ರವೇ ಮಾಡುತ್ತಿದೆ. ಕೃತಕ ಬುದ್ಧಿಮತ್ತೆ ಮತ್ತು ಮಾನವ ಬುದ್ಧಿಯ ಸಂಬಂಧವನ್ನು ಕುರಿತು 2025ರ ಜನವರಿಯಲ್ಲಿ ವ್ಯಾಟಿಕನ್ನಿನಿಂದ ಒಂದು ದೀರ್ಘ ಟಿಪ್ಪಣಿಯೇ ಹೊರಟಿದೆ. ಹತ್ತು ಅಂಕದ ಉತ್ತರವನ್ನು ಮೊಬೈಲು ಅರೆನಿಮಿಷದಲ್ಲಿ ಬರೆದುಕೊಡುವಾಗ, ಆ ಉತ್ತರ ಸರಿಯೋ ತಪ್ಪೋ ಎಂದು ತೂಗಬಲ್ಲ ಶಿಕ್ಷಕಿ ಸಿರುಗುಪ್ಪದ ಮಕ್ಕಳಿಗೆ ಬೇಡವೇ?

ಇನ್ನೊಂದು ಆಕ್ಷೇಪವನ್ನು ತಂದೆತಾಯಿಗಳು ಮೆಲ್ಲಗೆ ಹೇಳುತ್ತಾರೆ, ನನ್ನ ಗುರುಬಾಂಧವರಲ್ಲಿ ಕೆಲವರು ಗಟ್ಟಿಯಾಗಿಯೇ ಹೇಳುತ್ತಾರೆ: ಇಂಥ ಓದಿನಿಂದ ವಿಶ್ವಾಸ ಕೆಡುತ್ತದೆ. ಈ ಮಾತು ನನಗೆ ಕೋಪ ತರಿಸುತ್ತದೆ. ನಾನು ಗುರುಮಠದಲ್ಲಿ ಓದಿದ್ದು ಮತ್ತೇನು? ತತ್ತ್ವಶಾಸ್ತ್ರ, ಮನಃಶಾಸ್ತ್ರ, ಇತಿಹಾಸ, ಧರ್ಮಸಭೆಯ ಕಾನೂನು, ಭಾಷೆಗಳು, ದೈವಶಾಸ್ತ್ರ. ಇಷ್ಟನ್ನು ಕಲಸಿ ಓದಿದವನಿಗೆ 'ಇದು ಯಾವುದರ ಪದವಿ' ಎಂದು ನೀವಾರೂ ಕೇಳಲಿಲ್ಲ. ಕೈ ಮುಗಿದು ಬಾಳೆಹಣ್ಣು ತಂದುಕೊಟ್ಟಿರಿ.

ಸಂತ ತೋಮಸ್ ಅಕ್ವಿನಾಸರ ಮಹಾಗ್ರಂಥದ ಯಾವ ಪುಟ ತೆರೆದರೂ ಮೊದಲು ಕಾಣುವುದು ಅವರ ಅಭಿಪ್ರಾಯವಲ್ಲ, ಎದುರಾಳಿಯ ಆಕ್ಷೇಪಗಳು. ದೇವರಿಲ್ಲ ಎನ್ನುವವನ ವಾದವನ್ನೂ ಅವರು ನ್ಯಾಯವಾಗಿ ನಿಲ್ಲಿಸಿ ಬಳಿಕ ಉತ್ತರಿಸುತ್ತಾರೆ. ಅವರ ಮನೆಯ ಕಥೆ ನಿಮಗೆ ಗೊತ್ತೇ? ಮಾಂಟೆ ಕಸಿನೋ ಎಂಬ ಸಿರಿವಂತ ಮಠಕ್ಕೆ ಮಗ ಅಧಿಪತಿಯಾಗಲೆಂದು ಮನೆಯವರ ಆಸೆ. ಆ ಕಾಲದ ಸರ್ಕಾರಿ ನೌಕರಿ ಎನ್ನಿ. ಮಗನೋ ಊರೂರು ಅಲೆದು ಓದುವ, ಬೇಡಿ ಉಣ್ಣುವ ದೊಮಿನಿಕನ್ ಸಹೋದರರನ್ನು ಸೇರಿದ. 1244ರಲ್ಲಿ ಅಣ್ಣಂದಿರು ಅವನನ್ನು ದಾರಿಯಲ್ಲೇ ಹಿಡಿದು ತಂದರು. ಸುಮಾರು ಒಂದು ವರ್ಷ ಮನೆಯವರ ಬಂಧನದಲ್ಲಿಟ್ಟು ಬುದ್ಧಿ ಹೇಳಿದರು. ಆ ಬುದ್ಧಿವಾದ ಫಲಿಸಿದ್ದರೆ ಧರ್ಮಸಭೆಗೆ ಒಬ್ಬ ಮಠಾಧಿಪತಿ ಹೆಚ್ಚಾಗುತ್ತಿದ್ದ, ಅಷ್ಟೇ. ತೋಮಸರು ತೀರಿಕೊಂಡ ಮೂರು ವರ್ಷಕ್ಕೆ, 1277ರಲ್ಲಿ, ಪ್ಯಾರಿಸಿನ ಧರ್ಮಾಧ್ಯಕ್ಷರು 219 ವಾದಗಳನ್ನು ಖಂಡಿಸಿದಾಗ ಅವುಗಳಲ್ಲಿ ಕೆಲವು ಈ ಸಂತರ ಬೋಧನೆಗೂ ತಗಲುವಂತಿದ್ದವು. 1323ರಲ್ಲಿ ಅವರು ಸಂತಪದವಿಗೇರಿದರು. ಪ್ರಶ್ನೆಗೆ ಹೆದರಿದವರ ಹೆಸರು ಇಂದು ಎಷ್ಟು ಮಂದಿಗೆ ನೆನಪಿದೆ?

ಸಂತ ಜಾನ್ ಹೆನ್ರಿ ನ್ಯೂಮನ್ ಅವರನ್ನು 2025ರ ನವೆಂಬರ್ 1ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. 1852ರಲ್ಲಿ ಡಬ್ಲಿನ್ನಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಈ ನ್ಯೂಮನ್ನರು ವಾದಿಸಿದ್ದು ಇದನ್ನೇ: ಜ್ಞಾನವೆಲ್ಲವೂ ಒಂದೇ ದೇಹ, ಒಂದು ಅಂಗವನ್ನು ಕಡಿದರೆ ಉಳಿದವೂ ಸೊಟ್ಟಗಾಗುತ್ತವೆ. ಜಗದ್ಗುರು ಫ್ರಾನ್ಸಿಸರು 2018ರ ಜನವರಿಯಲ್ಲಿ ಹೊರಬಂದ 'ವೆರಿತಾತಿಸ್ ಗೌದಿಯುಂ' ಎಂಬ ಸಂವಿಧಾನದಲ್ಲಿ ಧರ್ಮಸಭೆಯ ವಿಶ್ವವಿದ್ಯಾಲಯಗಳೇ ಶಾಸ್ತ್ರಗಳ ನಡುವಣ ಗೋಡೆಗಳನ್ನು ದಾಟಿ ಸೃಜನಶೀಲವಾಗಿ ಕಲಿಸಬೇಕೆಂದು ವಿಧಿಸಿದರು. ರೋಮಾಪುರಿಗೆ ಆಗದ ಭಯ ನಮಗೇಕೆ?

ನಮ್ಮ ಭಯಕ್ಕೆ ಒಂದು ಸಣ್ಣ ಉದಾಹರಣೆ. ದೊಡ್ಡಬಸವೇಶ್ವರನ ಊರು ಕುರುಗೋಡಿನಲ್ಲಿ ಧರ್ಮೋಪದೇಶದ ತರಗತಿಯೊಂದಕ್ಕೆ ಹೋಗಿದ್ದೆ. ಏಳೆಂಟು ವರ್ಷದ ಹುಡುಗನೊಬ್ಬ ಎದ್ದು, ನೋಹನ ನಾವೆಯಲ್ಲಿ ಮೀನುಗಳೂ ಇದ್ದವೇ ಎಂದು ಕೇಳಿದ. ಉಪದೇಶಿ ಕುಳಿತುಕೋ ಎಂದರು. ಹುಡುಗ ಕುಳಿತ. ಎಲ್ಲರೂ ನಕ್ಕರು, ನಾನೂ ನಕ್ಕೆ. ಜಲಪ್ರಳಯದಲ್ಲಿ ಮೀನಿಗೇನು ಕಷ್ಟ ಎಂದು ತಾನೇ ತರ್ಕಿಸಿ ಎದ್ದು ನಿಂತ ಆ ಮಗು ಮುಂದಿನ ಸಲ ನಾನು ಹೋದಾಗ ಹಿಂದಿನ ಸಾಲಿನಲ್ಲಿತ್ತು, ಒಂದೂ ಪ್ರಶ್ನೆ ಕೇಳಲಿಲ್ಲ. ನಮ್ಮ ಶಾಲೆಗಳಲ್ಲಿ, ನಮ್ಮ ಧರ್ಮಸಭೆಯವೇ ಆದ ಶಾಲೆಗಳಲ್ಲಿ, ನಾವು ದಿನವೂ ಮಾಡುತ್ತಿರುವುದು ಇದೇ. ಶೇಕಡಾ ನೂರು ಫಲಿತಾಂಶದ ಫ್ಲೆಕ್ಸ್ ಕಟ್ಟಿ, ಅದರಡಿ ಮಗುವಿನ ಪ್ರಶ್ನೆಯನ್ನು ಹೂಳುತ್ತೇವೆ.

ಹನ್ನೆರಡರ ಬಾಲ ಯೇಸುವನ್ನು ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಮೂರು ದಿನ ಹುಡುಕಿದರು. ಸಿಕ್ಕಿದ್ದು ಎಲ್ಲಿ? ದೇವಾಲಯದಲ್ಲಿ, ಬೋಧಕರ ನಡುವೆ, ಅವರ ಮಾತು ಕೇಳುತ್ತ, ಅವರನ್ನು ಪ್ರಶ್ನಿಸುತ್ತ. ತಾಯಿ ಗದರಿಸಿದರು, ಯಾವ ತಾಯಿ ಗದರಿಸಳು? ಮಗನ ಉತ್ತರ ಅವರಿಗೆ ಅರ್ಥವಾಗಲಿಲ್ಲವೆಂದು ಲೂಕನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಆದರೆ ಆ ತಾಯಿ ಅರ್ಥವಾಗದ್ದನ್ನು ಎಸೆಯಲಿಲ್ಲ, ಮನದಲ್ಲಿ ಇಟ್ಟುಕೊಂಡರು. ಸಿರುಗುಪ್ಪದ ತಾಯಿಗೆ ನಾನು ಹೇಳಬಯಸುವುದು ಇಷ್ಟೇ.

ಒಂದು ಮಾತನ್ನು ಒಪ್ಪುತ್ತೇನೆ. ಹತ್ತು ಕಡೆ ಒಂದೊಂದು ಮೊಳ ತೋಡಿದರೆ ಬಾವಿಯಾಗದು. ಎಲ್ಲ ಶಾಸ್ತ್ರಗಳಲ್ಲೂ ಒಂದೊಂದು ಚಮಚ ರುಚಿ ನೋಡಿ, ಭಾರಿ ಪದಗಳನ್ನು ಕಲಿತು, ಏನೂ ಮಾಡಲಾರದವರನ್ನು ನಾನೂ ಕಂಡಿದ್ದೇನೆ. 'ಎರಡೇ ದಿನದಲ್ಲಿ ಸೃಜನಶೀಲತೆ' ಎಂದು ಬಳ್ಳಾರಿಯ ಹೋಟೆಲುಗಳಲ್ಲಿ ನಡೆಯುವ ಶಿಬಿರಗಳು ಶುದ್ಧ ವ್ಯಾಪಾರ. ಹದಿನೆಂಟರ ಹುಡುಗ ನೇರವಾಗಿ ಇಂಥ ಓದಿಗೆ ಹಾರುತ್ತೇನೆಂದರೆ, ಮೊದಲು ಒಂದು ಬಾವಿ ತೋಡು ಎಂದೇ ಹೇಳುತ್ತೇನೆ. ಈ ಹೆಣ್ಣುಮಗಳು ಆಗಲೇ ತೋಡಿದ್ದಾಳೆ. ವಿಜ್ಞಾನದ ಪದವಿಯಿದೆ, ಮೂರು ವರ್ಷ ಮಕ್ಕಳ ಮುಂದೆ ನಿಂತ ಅನುಭವವಿದೆ. ಏಕೆ ಈ ಓದು ಎಂದು ನಾನೇ ಕೇಳಿದೆ. "ಫಾದರ್, ನಮ್ಮ ಹುಡುಗ್ರು ದ್ಯುತಿಸಂಶ್ಲೇಷಣೆ ಅಂದ್ರ ಏನಂತ ತಪ್ಪಿಲ್ಲದೆ ಬರೀತಾರ. ಗದ್ದೆಯೊಳಗ ನಿಂತಾಗ ಅದು ಎಲ್ಲಿ ನಡೀತೈತಿ ಅಂದ್ರ ಗೊತ್ತಿಲ್ಲ ಅಂತಾರ. ತಪ್ಪು ಅವರದೋ ನಂದೋ ತಿಳೀಬೇಕು" ಎಂದಳು. ಸಿರುಗುಪ್ಪದ ಸುತ್ತಲೂ ತುಂಗಭದ್ರೆಯ ನೀರಿನ ಗದ್ದೆಗಳು. ಆ ಹಸಿರಿನ ನಡುವೆ ನಿಂತ ಮಗುವಿಗೆ ಪಾಠ ಪುಸ್ತಕದಲ್ಲಷ್ಟೇ ಕಾಣುತ್ತದೆಂದರೆ, ಅದಕ್ಕೆ ಕಾರಣ ಹುಡುಕಲು ಹೊರಟವಳನ್ನು ನಾನು ತಡೆಯಲೇ?

ಹಣದ ಚಿಂತೆ ಮಾತ್ರ ನಿಜವಾದ ಚಿಂತೆ. ಎರಡು ವರ್ಷ ಸಂಬಳವಿಲ್ಲ, ಬೆಂಗಳೂರಿನ ಖರ್ಚಿದೆ. ಕುಟುಂಬದ ವರಮಾನ ನೋಡಿ ಶುಲ್ಕವನ್ನೂ ವಸತಿಯ ಖರ್ಚನ್ನೂ ಬಿಡುವ ವಿಶ್ವವಿದ್ಯಾಲಯಗಳಿವೆ. ಅರ್ಜಿಯ ಜೊತೆಗೆ ವರಮಾನದ ಪತ್ರ ಸರಿಯಾಗಿ ಲಗತ್ತಿಸಬೇಕು. ನಮ್ಮ ಧರ್ಮಕೇಂದ್ರಗಳೂ ಯೋಚಿಸಲಿ. ಹಬ್ಬದ ದಿನದ ಪಟಾಕಿಗೆ, ಧ್ವನಿವರ್ಧಕಕ್ಕೆ, ತೇರಿನ ದೀಪಾಲಂಕಾರಕ್ಕೆ ವಂತಿಗೆ ಎತ್ತುವ ನಾವು ಒಬ್ಬ ಶಿಕ್ಷಕಿಯ ಎರಡು ವರ್ಷದ ಬಸ್ಸಿನ ಖರ್ಚು, ಪುಸ್ತಕದ ಖರ್ಚು ಕೊಡಲಾರೆವೇ? ಬರುವ ಧರ್ಮಕೇಂದ್ರ ಮಂಡಳಿಯ ಸಭೆಯಲ್ಲಿ ಇದನ್ನು ಇಡಲಿದ್ದೇನೆ. ವಿರೋಧ ಬರುತ್ತದೆಂದು ಬಲ್ಲೆ. ಪಟಾಕಿಯ ಕಡೆಯವರು ಬಹಳ ಮಂದಿ ಇದ್ದಾರೆ.

ಆಕೆಯ ಅರ್ಜಿಗೆ ಬೇಕಿದ್ದ ಶಿಫಾರಸು ಪತ್ರವನ್ನು ನಿನ್ನೆ ರಾತ್ರಿ ಬರೆದಿಟ್ಟಿದ್ದೇನೆ. ತಂದೆ ಇನ್ನೂ ಒಪ್ಪಿಲ್ಲ. ಭಾನುವಾರ ಸಿರುಗುಪ್ಪಕ್ಕೆ ಹೋಗುವಾಗ ಪತ್ರವನ್ನು ಮಗಳ ಕೈಗೆ ಕೊಡುವ ಮೊದಲು ಅವರಿಗೇ ಓದಿ ಹೇಳಬೇಕೆಂದಿದ್ದೇನೆ. ಅವರು ಲೆಕ್ಕದವರು, ಸಾಲುಸಾಲಿಗೂ ಪ್ರಶ್ನೆ ಕೇಳುತ್ತಾರೆ.